ಪ್ರತಿವಾದಿ ಅಶೋಕ್ ಕುಮಾರ್

ಕರಂಗಲ್ಪಾಡಿಯ ಎರಡನೇ ಮಾಳಿಗೆಯಲ್ಲಿ
ದಾವಾ ಟೈಪು ಮಾಡುವುದು ನಾನು, ಲಿಲ್ಲಿ ಸಿಕ್ವೇರಾ.
ವಾದಿ: ದೂಮಣ್ಣ ಸಾಲ್ಯಾನ್, ಪ್ರಾಯ ಐವತ್ತೆಂಟು, ಬೆಂಗ್ರೆ.
ಪ್ರತಿವಾದಿ: ಅಶೋಕ್ ಕುಮಾರ್.

ಯಾರು ಸರ್ ಇದು, ಅಂದೆ.
ಯಾರೂ ಅಲ್ಲ, ಅಂದರು ವಕೀಲರು,
ಗುರುತು ಸಿಗದ ಕಳ್ಳನಿಗೆ ಕೋರ್ಟಿನಲ್ಲಿ ಇಡುವ ಹೆಸರು.
ಚಾ ತಂದ ಹುಡುಗ ಬಾಗಿಲಲ್ಲೇ ನಿಂತ.
ಅವನ ಹೆಸರೂ ಅದೇ.
ಲೋಟ ಇಟ್ಟು ಹೋದ, ದುಡ್ಡು ಕೇಳದೆ.

ಟ್ರಾಲ್‌ಬೋಟಿನ ಪಾಲು ಮಾರಿ
ದೂಮಣ್ಣ ತುಳುವಿನಲ್ಲಿ ಒಂದು ಸಿನೆಮಾ ತೆಗೆದಿದ್ದರು.
ಶುಕ್ರವಾರ ಟಾಕೀಸಿಗೆ ಬಂತು,
ಆದಿತ್ಯವಾರಕ್ಕೆ ಎಲ್ಲರ ಫೋನಿನಲ್ಲಿ.
ಸೈಟು ನೋಂದಾಯಿಸಿದ್ದು ಯಾವುದೋ ದ್ವೀಪದಲ್ಲಿ,
ಯಂತ್ರ ಇರುವುದು ಹಿಮ ಬೀಳುವ ದೇಶದಲ್ಲಿ.
ಸಮನ್ಸು ಹೋದ ಹಾಗೆಯೇ ವಾಪಸು ಬಂತು,
ಲಕೋಟೆಯ ಮೇಲೆ ನಮಗೆ ಓದಲಾಗದ ಮೊಹರು.
ಒಂದನ್ನು ಮುಚ್ಚಿಸಿದರೆ ಮರುದಿನ
ಅಕ್ಷರ ಬದಲಿಸಿ ಇನ್ನೊಂದು.
ಅಳಿವೆಯಲ್ಲಿ ನಿಂತು
ನೇತ್ರಾವತಿಯ ನೀರು ಯಾವುದು, ಗುರುಪುರದ್ದು ಯಾವುದು
ಕೇಳಿದ ಹಾಗೆ ಮಾರಾಯ್ರೆ, ಅಂದರು ದೂಮಣ್ಣ.

ಸಂಜೆ ವಕೀಲರು ಹೋದ ಮೇಲೆ
ಅವರೇ ಮತ್ತೆ ಬಂದರು, ಚಪ್ಪಲಿ ಹೊರಗೆ ಬಿಟ್ಟು.
ಬಾಯಮ್ಮ, ಒಂದು ಉಪಕಾರ.
ಹಾರ್ಡ್‌ಡಿಸ್ಕು ಸಾಲ ಕೊಟ್ಟವರ ಕಪಾಟಿನಲ್ಲಿ ಅಡವು ಉಂಟು.
ಅದರೊಳಗೆ ನನ್ನ ಅಪ್ಪೆ ಇದ್ದಾಳೆ, ಎರಡು ನಿಮಿಷ,
ಧಕ್ಕೆಯಲ್ಲಿ ಬೂತಾಯಿಗೆ ಚೌಕಾಸಿ ಮಾಡುವ ಸೀನು.
ಡಬ್ಬಿಂಗ್ ಮುಗಿದ ಹದಿನೇಳನೇ ದಿನ ಹೋದಳು.
ನಾಡಿದ್ದಿಗೆ ವರ್ಷ.
ಒಮ್ಮೆ ಸ್ವರ ಕೇಳಬೇಕಿತ್ತು.

ಎಲ್ಲಿ ಸಿಗುತ್ತದೆಂದು ನನಗೆ ಗೊತ್ತು:
ಬೆಳಗ್ಗೆ ನಾನೇ ಟೈಪು ಮಾಡಿದ ವಿಳಾಸ,
ಅನುಬಂಧ ಮೂರು, ಎಂಟನೇ ಸಾಲು.
ನೂರ ಹನ್ನೆರಡು ಜನ ತುಂಡು ತುಂಡು ಕೊಟ್ಟರು,
ಮಸ್ಕತ್ತಿನಿಂದ ಒಬ್ಬ, ಕುಂಬಳೆಯಿಂದ ಒಬ್ಬ,
ತುಳುವಿನ ಗಂಧವಿಲ್ಲದ ಯಾವ ಊರಿನವನೋ ಒಬ್ಬ.
ತಲೆಯ ಚೂರು, ಬಾಲದ ಚೂರು,
ಹೆಚ್ಚಿಟ್ಟ ಮೀನು ಪುನಃ ಮೀನಾಗುವ ಹಾಗೆ.

'ಹದಿನೈದು ಕೊಡುವುದಾದರೆ ಕೊಡು,
ಇಲ್ಲದಿದ್ದರೆ ಕಡಲಿಗೇ ವಾಪಸು ಬಿಡು!'
ದೂಮಣ್ಣ ನಕ್ಕರು. ಪುನಃ ಹಾಕಿ, ಅಂದರು.
ಪುನಃ.
ಮೂರನೇ ಸಲ ಅವರು ಕಿಟಕಿಯ ಕಡೆ ತಿರುಗಿದ್ದರು.

ನಾವು ನೋಡುತ್ತಿದ್ದಂತೆಯೇ ವಕೀಲರ ಕಂಪ್ಯೂಟರು
ಯಾರಿಗೋ ತುಂಡು ಕೊಡತೊಡಗಿತ್ತು.
ಪರದೆಯ ಮೂಲೆಯಲ್ಲಿ ಅಂಕೆ: ನೂರ ಹದಿಮೂರು.

ಲೋಟ ಒಯ್ಯಲು ಬಂದ ಹುಡುಗ ಕೇಳಿದ,
ನನ್ನ ಮೇಲಿನ ಕೇಸು ಎಂತಾಯಿತು ಬಾಯಮ್ಮ?
ವಾಯಿದೆ ಹದಿನಾಲ್ಕಕ್ಕೆ, ಅಂದೆ.
ಬೆಳಗಿನ ಚಾದ ದುಡ್ಡು ಕೊಟ್ಟೆ.