ನಾಲ್ಕರ ತನಕ

ನಮ್ಮಪ್ಪ ಜನರನ್ನು ಮಲಗಿಸುವ ಡಾಕ್ಟರು.
ಕೊಯ್ಯುವವರು ಬೇರೆ, ಹೊಲಿಯುವವರು ಬೇರೆ.
ಇವನದು ತಲೆಯ ಕಡೆಯ ಸ್ಟೂಲು,
ಒಂದು ಕೈ ರೋಗಿಯ ಗದ್ದಕ್ಕೆ, ಇನ್ನೊಂದು ಗಾಳಿಚೀಲಕ್ಕೆ.
ಎಣಿಸು ಅನ್ನುವುದು,
ಎಣಿಕೆ ತಪ್ಪುವುದನ್ನು ಕಾಯುವುದು.

ಬೆನ್‌ಗಾಜಿಯಲ್ಲಿ ವಾಹಿದ್, ಇತ್ನೇನ್, ತಲಾತಾ,
ಹದಿಮೂರು ವರ್ಷ.
ನಾನು ಹುಟ್ಟಿದ್ದು ಅವ್ವ ಡ್ಯೂಟಿ ಮಾಡುತ್ತಿದ್ದ ವಾರ್ಡಿನಲ್ಲೇ.
ಅವಳ ಗೆಳತಿ ಫೌಜಿಯಾ ಬರೆದ ಚೀಟಿ ಇನ್ನೂ ಇದೆ:
ಹೆಣ್ಣು, ಎರಡು ಕಿಲೋ ಎಂಟುನೂರು.

ನನಗೆ ಹನ್ನೊಂದಾದ ವರ್ಷ ಗುಂಡು ಹಾರತೊಡಗಿತು.
ಅಪ್ಪ ಕಾರಿಡಾರಿನಲ್ಲೂ ಮಲಗಿಸಿದ.
ಒಂದು ರಾತ್ರಿ ಆಕ್ಸಿಜನ್ ಮುಳ್ಳು ಕೆಂಪಿಗೆ ಬಂತು.
ಮುಂದಿನದನ್ನು ಅವನು ಇವತ್ತಿಗೂ ಹೇಳಿಲ್ಲ.

ಹಡಗು, ಅಲೆಕ್ಸಾಂಡ್ರಿಯಾ, ವಿಮಾನ. ತಲೆಗೊಂದು ಚೀಲ.
ಅವ್ವ ಹೊತ್ತು ತಂದದ್ದು ಕುಸ್ಕುಸ್ ಬೇಯಿಸುವ ಪಾತ್ರೆಯ ಮೇಲಿನರ್ಧ,
ಕೆಳಗಿನರ್ಧ ಅಲ್ಲಿಯ ಒಲೆಯ ಮೇಲೇ ಉಳಿಯಿತು.
(ಈಗ ಅದರ ತೂತುಗಳಲ್ಲಿ ಮೆಂತ್ಯಸೊಪ್ಪು ಸೋರುತ್ತದೆ.)
ಅವಳ ಅನುಭವ ಪತ್ರಕ್ಕೆ ಸಹಿ ಹಾಕಬೇಕಿದ್ದ ಡೈರೆಕ್ಟರು
ಆ ಬೆಳಿಗ್ಗೆಯೇ ಊರು ಬಿಟ್ಟಿದ್ದ.

ಮುಲುಂಡ ಪಶ್ಚಿಮ. ಮೂರನೇ ಮಹಡಿ, ಲಿಫ್ಟಿಲ್ಲ.
'ಎಕ್ಸ್‌ಪೀರಿಯನ್ಸ್?' ಕೇಳಿದಳು ಮೇಟ್ರನ್,
ಅವ್ವನಿಗಿಂತ ಒಂಬತ್ತು ವರ್ಷ ಚಿಕ್ಕವಳು.
ಅವ್ವ ಕೈ ತೋರಿಸಿದಳು.
ಕೈಯಲ್ಲಿ ಏನೂ ಇರಲಿಲ್ಲ,
ಕೈಯನ್ನೇ ತೋರಿಸಿದ್ದಳು.
ನಲವತ್ಮೂರಕ್ಕೆ ಬ್ಯಾಡ್ಜು: ಸುಗಂಧಿ, ಟ್ರೇನಿ.
ಹಾಸಿಗೆಯ ಮೂಲೆ ಮಡಚುವುದನ್ನು ಹುಡುಗಿಯರ ಜೊತೆ ನಿಂತು ಕಲಿತಳು,
ನಡುನಡುವೆ ಬೇಕೆಂದೇ ತಪ್ಪುತ್ತ,
ಪಾಪ, ಅವರಿಗೆ ಕಸಿವಿಸಿಯಾಗಬಾರದೆಂದು.

ಅಪ್ಪನಿಗೆ ಕುರ್ಚಿ ಸಿಗಲಿಲ್ಲ, ಲೋಕಲ್ ಪಾಸು ಸಿಕ್ಕಿತು.
ಭಾಂಡುಪಿನಲ್ಲಿ ಹರ್ನಿಯಾ, ಕಳವಾದಲ್ಲಿ ಸಿಸೇರಿಯನ್,
ರಾತ್ರಿ ಡೊಂಬಿವಲಿಯಿಂದ ಫೋನು, ಅಪೆಂಡಿಕ್ಸು.
ಕರಿಚೀಲ ನೋಡಿ ಡಬ್ಬಿಯಲ್ಲಿ ಯಾರೋ ಕೇಳಿದರಂತೆ, ಏನು ಮಾರುತ್ತೀ?
'ಝೋಪ್', ಅಂದನಂತೆ ಅಪ್ಪ. ನಿದ್ದೆ.
ನಕ್ಕು, ಸರಿದು, ನಾಲ್ಕನೇ ಸೀಟಿನ ತುದಿ ಕೊಟ್ಟರಂತೆ.
ಈಗ ಎಣಿಕೆ ಏಕ್, ದೋನ್, ತೀನ್.

ಅವನಿಗೆ ಮಾತ್ರ ನಿದ್ದೆಯಿಲ್ಲ.
ಮೂರು ಗಂಟೆಗೆ ಅಡುಗೆಮನೆಯಲ್ಲಿ ಸದ್ದಾದರೆ
ನಾವು ಹೆದರುತ್ತಿರಲಿಲ್ಲ:
ಗ್ಯಾಸಿನ ಸಿಲಿಂಡರನ್ನು ತುಸು ವಾಲಿಸಿ
ತೂಕ ನೋಡುತ್ತಿದ್ದಾನೆ.

ಶಾಲೆಯಲ್ಲಿ ಫಾರ್ಮು ತುಂಬುತ್ತ ಬಾಯಿ ಕೇಳಿದರು,
ತುಝಂ ಗಾವ್ ಕುಠಲಂ?
ಎರಡೇ ಸಲ ನೋಡಿದ್ದ ಅಜ್ಜಿಯ ಊರು ಹೇಳಿದೆ, ಬೆಟಗೇರಿ.
ಅವರು ಬೆಳಗಾವಿ ಎಂದು ಬರೆದುಕೊಂಡರು.
ನಾನು ತಿದ್ದಲಿಲ್ಲ. ಅಲ್ಲಿಂದ ನನ್ನ ಊರು ಅದೇ.

ಹೋದ ಆಷಾಢದಲ್ಲಿ ಅಪ್ಪನ ಪಿತ್ತಕೋಶ ತೆಗೆದರು.
ಮಲಗಿಸಿದವಳು ಡಾಕ್ಟರ್ ಮುಗ್ಧಾ ಪೊಂಕ್ಷೆ, ನನ್ನ ವಯಸ್ಸಿನವಳು,
ಹೊರಗೆ ಬಂದು ಮಾಸ್ಕು ಇಳಿಸಿ ನಕ್ಕಳು:
'ಸರ್ ಚೆನ್ನಾಗಿದ್ದಾರೆ. ನಾಲ್ಕರ ತನಕ ಎಣಿಸಿದರು,
ಆಮೇಲೆ ಏನೋ ಕೇಳಿದರು, ನಿಮ್ಮ ಭಾಷೆಯಲ್ಲಿ.'
ಏನು?
ಕಣ್ಣು ಮುಚ್ಚಿ, ಮರಾಠಿ ನಾಲಿಗೆಯಲ್ಲಿ
ಒಂದೊಂದೇ ಅಕ್ಷರ ಹೆಕ್ಕಿಟ್ಟಳು:
'ಸಿ-ಲಿಂ-ಡ-ರ್ ನೋ-ಡೀ-ರಿ-ಲ್ಲೋ?'

ನಾನು ಹಿಂದಿಯಲ್ಲಿ ತಿಳಿಸಿ ಹೇಳಿದೆ. ಅವಳಿಗೆ ಇನ್ನೂ ನಗು.
ಇಲ್ಲಿ ಸಿಲಿಂಡರೆಲ್ಲಿ ಆಂಟಿ, ಗಾಳಿ ಗೋಡೆಯಿಂದಲೇ ಬರುತ್ತೆ.

ಅವ್ವ ನಗಲಿಲ್ಲ.
'ಗ್ವಾಡೀ ಹಿಂದ?' ಅಂದಳು.
ಇದನ್ನು ನಾನು ತಿಳಿಸಿ ಹೇಳಲಿಲ್ಲ.

ಚಪ್ಪಲಿ ಮೆಟ್ಟಿ, ಸೆರಗು ಸಿಕ್ಕಿಸಿ ಮೆಟ್ಟಿಲಿಳಿದಳು.
ಹಿತ್ತಲಿನ ಕೋಣೆಯ ವಾಚ್‌ಮನ್ ಇವಳನ್ನು ತಡೆಯಲಿಲ್ಲವಂತೆ,
ನಿಂತ ರೀತಿ ನೋಡಿ ಸಲಾಮು ಹೊಡೆದನಂತೆ.

ಮಳೆಯಲ್ಲಿ ತೊಯ್ದು ಬಂದು ಬೆಂಚಿನ ಮೇಲೆ ಕೂತಳು.
ಕೈ ತೋರಿಸಿದಳು. ಅಂಗೈ ತುಂಬ ತುಕ್ಕು.
'ಎಂಟ್ ಅದಾವ,' ಅಂದಳು,
'ಎಲ್ಲಾ ಮುಟ್ಟಿ ನೋಡಿ ಬಂದೆ.'