ಹೊಳೆದಂಡೆಯ ನಂಬರುಗಳು

ಅಕ್ಕ ಹೊರಟದ್ದು ಹಳೆಯ ಮೊಪೆಡ್ಡಿನ ಮೇಲೆ,
ಭೀಮಾ ಹೊಳೆಯನ್ನು ಒಮ್ಮೆ ದಂಡೆಗುಂಟ ನೋಡಬೇಕೆಂದು.
ಯಾಕೆ ಅಂದರೆ, ಸುಮ್ಮನೆ.
ವಿಜಯಪುರದ ನಮ್ಮ ಓಣಿಯಲ್ಲಿ
ಆ ಉತ್ತರಕ್ಕೆ ಕೂಡಲು ಜಾಗವಿಲ್ಲ.

"ಆ ಕಡೆ ಹೆಣಮಕ್ಕಳು ಒಬ್ಬೊಬ್ಬರ ಹೋಗೂದಲ್ಲವಾ,"
ಅಂದ ಗಿರಣಿಯ ಪಂಚಾಕ್ಷರಿ, ಹಿಟ್ಟು ಕೊಡವುತ್ತ.
"ಅಲ್ಲಿ ಕೂಸು ಹುಟ್ಟಿದರ ತೊಟ್ಟಲಕ್ಕ ಪಿಸ್ತೂಲು ಕಟ್ತಾರ."
ಅವನು ಝಳಕಿಯ ಆಚೆ ಎಂದೂ ಹೋದವನಲ್ಲ.
ನಾನೂ ಹೋದವಳಲ್ಲ. ನಂಬಿದೆ.

ನಾಲ್ಕು ಸಜ್ಜಿರೊಟ್ಟಿ, ಶೇಂಗಾ ಚಟ್ನಿ,
ಜೀವ ಹಿಡಿಯದ ಬ್ಯಾಟರಿಯ ಒಂದು ಫೋನು.
ಇಷ್ಟೇ ಅವಳ ಗಂಟು.

ಮೊದಲ ದಿನ ಮಧ್ಯಾಹ್ನ ಗುರುತಿಲ್ಲದ ನಂಬರು.
"ಅಕ್ಕಾರ ಫೋನ್ ಬಂದ್ ಬಿದ್ದೈತ್ರಿ, ಪಂಚರ್ ತಗಸಾಕತ್ತಾರ.
ತಗೋರಿ, ಮಾತಾಡ್ರಿ."
ಗಾಳಿ ತುಂಬುವ ಸದ್ದಿನ ಹಿಂದೆ ಅವಳ ದನಿ:
"ಇಲ್ಲಿ ಮಂದಿ ಚಲೋ ಅದಾರ.
ಮುಂದಿನ ಊರಾಗ ಅಷ್ಟ ಹುಷಾರಿ ಅಂತ."
ಬರೆದುಕೊಂಡೆ: ಪಂಚರ್ ಲಾಲಸಾಬ.

ಮುಂದಿನ ಊರಿಂದ ಒಬ್ಬ ಆಯಿ
ಮೊಮ್ಮಗನ ಫೋನಿನಲ್ಲಿ ಕೂಗಿದಳು,
ಫೋನೇ ಬೇಡ, ಹಾಗೇ ಕೇಳುತ್ತಿತ್ತು.
"ನಿಮ್ಮಕ್ಕ ಲೋನ್ ಕೊಡಾಕಿ ಏನ? ಗಣತಿಯಾಕಿ ಏನ?
ಹೊಳಿ ನೋಡಾಕ ಬಂದೀನಿ ಅಂತಾಳ.
ಹೊಳ್ಯಾಗ ಏನ ನೋಡೂದೈತಿ, ಮಳ್ಳಿ!
ಉಂಡಾಳ. ಮುಂದಿನ ಊರ ಮಂದಿ ಸರಿ ಇಲ್ಲ ಅಂತ ಹೇಳಿ ಕಳಿಸೀನಿ."
ಬರೆದುಕೊಂಡೆ: ಕೂಗುವ ಆಯಿ.

ಹೀಗೆ ಕೆಡುಕು ಯಾವಾಗಲೂ ಒಂದು ಊರು ಮುಂದಿತ್ತು,
ಅಕ್ಕನ ಮೊಪೆಡ್ಡಿಗೆ ಸಿಗದಷ್ಟು ಜೋರು ಓಡುತ್ತಿತ್ತು.

ಇರಲೇ ಇಲ್ಲ ಅನ್ನಲಾರೆ.
ಒಂದು ಚಹಾದಂಗಡಿಯ ಶಟರಿನಲ್ಲಿ ಮೂರು ತೂತು,
ಬೆರಳು ಇಟ್ಟು ನೋಡಿದಳಂತೆ.
"ಬೆಳಕರ ಬರ್ತೈತಿ, ಇರಲಿ ಅಂತ ಬಿಟ್ಟೀನಿ," ಅಂದ ಅಂಗಡಿಯವ.
ಯಾರಿಗೆ ಹತ್ತಿತ್ತು ಅಂತ ಇವಳು ಕೇಳಲಿಲ್ಲ.
ಅವನು ಹೇಳಲಿಲ್ಲ.
ಚಹಾ ಹತ್ತು ರೂಪಾಯಿ.

ನಾಲ್ಕನೆಯ ದಿನ ಫೋನು ಬರಲಿಲ್ಲ.
ನಮ್ಮ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರಳುತ್ತದೆ.
ನಾನು ಏಳು ಸಲ ಹಚ್ಚಿದೆ, ಒಂದೂ ಮರಳಲಿಲ್ಲ.
ರಾತ್ರಿ ಹತ್ತಾಯಿತು. ಲಾಲಸಾಬನಿಗೆ ಹಚ್ಚಿದೆ.
ಲಾಲಸಾಬ ತನ್ನ ಸೋದರಮಾವನಿಗೆ, ಮಾವ ಆಯಿಯ ಮೊಮ್ಮಗನಿಗೆ,
ಮೊಮ್ಮಗ ಇನ್ಯಾರಿಗೋ.
ಕತ್ತಲಲ್ಲಿ ಒಂದು ನಾಡೇ ಎದ್ದು ಚಪ್ಪಲಿ ಹುಡುಕುವ ಸದ್ದು
ನನ್ನ ಕಿವಿಗೆ ಬೀಳುತ್ತಿತ್ತು.
ಒಂದು ಗಂಟೆಗೆ ಇನ್ನೊಂದು ದನಿ, ಲಾರಿ ಎಂಜಿನ್ನಿನ ಗದ್ದಲದಲ್ಲಿ:
"ಹೆಸರ ಬ್ಯಾಡ್ರಿ. ನನ್ನ ಮ್ಯಾಲ ಕೇಸ ಅದಾವ.
ಉಸುಕಿನ ಗಾಡಿ ತಗೊಂಡ ಹೊಂಟೀನಿ, ಹುಡುಕತೀನಿ."
ಬರೆದುಕೊಂಡೆ: ಉಸುಕು. ಹೆಸರ ಬ್ಯಾಡ.

ಮೂರೂವರೆಗೆ ಒಬ್ಬ ಹೆಂಗಸು, ಪಿಸುದನಿ.
"ಸಿಕ್ಕಾಳವಾ. ಗಾಡಿ ಕೆಟ್ಟಿತ್ತ. ನಮ್ಮ ನಿಂಬಿ ತ್ವಾಟದಾಗ ಮಲಗ್ಯಾಳ,
ಎಬ್ಬಸಾಂಗಿಲ್ಲ.
ಲಾರಿಯಾಂವ ಬಂದು ದೂರಿಂದನ ನೋಡಿ ಹ್ವಾದ."
ಆಮೇಲೆ ಇನ್ನೂ ಮೆಲ್ಲಗೆ:
"ಅಲ್ಲಬೇ, ನೀ ಒಬ್ಬಾಕಿನ ಇದ್ದಿ ಏನ ಆ ಪ್ಯಾಟ್ಯಾಗ?
ಪೇಪರಿನ್ಯಾಗ ಏನೇನೋ ಬರ್ತೈತಿ ನಿಮ್ಮ ಕಡೀದು.
ಬಾಗಲಾ ಹಾಕ್ಕೊಂಡ ಮಲಕ್ಕೊ."

ಎದ್ದು ಹೋಗಿ ನೋಡಿದೆ.
ಅಗುಳಿ ಹಾಕಿರಲಿಲ್ಲ.

ಅಕ್ಕ ಬಂದಳು, ಮುಖ ಕರ್ರಗೆ, ಚೀಲದ ತುಂಬ ನಿಂಬೆ.
ಹೇಗಿತ್ತು ಅಂದೆ. "ಹೊಳಿ ಭಾಳ ಅಗಲೈತಿ," ಅಂದು
ಎರಡು ದಿನ ಮಲಗಿದಳು.
ಪಂಚಾಕ್ಷರಿಗೆ ಹತ್ತು ಹಣ್ಣು ಕೊಟ್ಟು ಬಂದೆ.
ಮೂಸಿ ನೋಡಿ ತಗೊಂಡ.

ಈಗಲೂ ಟಿವಿಯಲ್ಲಿ ಹೊಳೆದಂಡೆಯ ಸುದ್ದಿ ಬಂದರೆ
ದನಿ ಸಣ್ಣ ಮಾಡಿ ಒಬ್ಬೊಬ್ಬರಿಗೇ ಹಚ್ಚುತ್ತೇನೆ.
ಲಾಲಸಾಬ ಅದಾನ. ಆಯಿ ಕೂಗುತ್ತಾಳೆ.
ಉಸುಕಿನವನ ನಂಬರು ಮಾತ್ರ, ಶ್ರಾವಣದಿಂದ,
ವ್ಯಾಪ್ತಿ ಪ್ರದೇಶದ ಹೊರಗಿದೆ.
ಅಳಿಸಿಲ್ಲ.