ಸೊನ್ನೆ ಬೇರೆ, ಖಾಲಿ ಬೇರೆ

ಬಿಳಿ ಫ್ಲಾನೆಲ್ ಬಟ್ಟೆ, ಎರಡು ತುದಿಗೆ ಹಗ್ಗ.
ತರಗೆಲೆಯ ಮೇಲೆ ಎಳೆಯುತ್ತಾ ನಡೆದರೆ
ದನವೆಂದು ಬಗೆದು ಹತ್ತುತ್ತವೆ ಉಣುಗು,
ಸಾಸಿವೆಗಿಂತ ಸಣ್ಣವು.
ಕೆರಿಯಪ್ಪ ಎಣಿಸುತ್ತಾನೆ, ನಾನು ಬರೆಯುತ್ತೇನೆ.

ಹೊಸನಗರದಾಚೆ, ಮಂಗ ಸತ್ತುಬಿದ್ದ ಹೊನ್ನೆಮರದ ಬುಡ.
ಇಲ್ಲಿ ನೂರಾರು ಸಿಗಬೇಕು, ನನ್ನ ಲೆಕ್ಕದಂತೆ.
ಶಿವಮೊಗ್ಗದ ಲ್ಯಾಬಿನ ಗೋಡೆಗೆ
ಗ್ರಾಫು ಅಂಟಿಸಿಯೂ ಆಗಿತ್ತು.
ಬಟ್ಟೆ ಮಗುಚಿದೆವು.
ಒಂದು ಜೇಡ. ಒಂದು ಮುಳ್ಳು.

ಪೆನ್ನು ಮುಚ್ಚಿದೆ. ಅವ ಪುಸ್ತಕಕ್ಕೆ ಬಗ್ಗಿದ:
"ಸೊನ್ನೆ ಹಾಕಿ ಮೇಡಂ. ಖಾಲಿ ಬಿಟ್ರೆ
ನಾವು ಬರ್ಲೇ ಇಲ್ಲ ಅಂತಾಗ್ತದೆ.
ಹೋದ ಮಾಗೀಲಿ ಜ್ವರ ಬಂದು ಮಲಗಿದ್ನಲ್ಲ,
ಆ ಹನ್ನೊಂದು ದಿನ ಖಾಲಿ.
ಅದು ಬೇರೆ, ಇದು ಬೇರೆ."

ಹಾಕಿದೆ. ಕೊಂಚ ಸೊಟ್ಟಗೆ ಬಂತು.
ಗೋಡೆಯ ಮೇಲೆ ಏರುತ್ತಲೇ ಹೋದ ಗೆರೆ
ಇಲ್ಲಿ ದೊಪ್ಪನೆ ನೆಲಕ್ಕೆ.
ಇರುವೆ ತಿಂದವೋ, ಮಣ್ಣಿನ ತೇವಕ್ಕೋ,
ಮಂಗಕ್ಕೆ ತಗುಲಿದ್ದೇ ಬೇರೆಲ್ಲೋ?
ಹೊಳೆಯಲಿಲ್ಲ. ಹೊಳೆಯದಿದ್ದುದು
ಮೊದಲ ಸಲ ಬೇಸರವೆನಿಸಲಿಲ್ಲ.
ಕೆರಿಯಪ್ಪ ಬಟ್ಟೆ ಕೊಡವಿ
ಆಗಲೇ ಇನ್ನೊಂದು ಮರದತ್ತ ಹೊರಟಿದ್ದ.

ರಾತ್ರಿ ಸ್ನಾನಕ್ಕೆ ನಿಂತಾಗ
ಮೊಣಕಾಲ ಹಿಂದೆ ಕಚ್ಚಿ ಕೂತಿತ್ತು ಒಂದೇ ಒಂದು.
ಚಿಮಟದಲ್ಲಿ ಹಿಡಿದು ದೀಪಕ್ಕೆತ್ತಿ ಕೇಳಿದೆ:
ಯಾವ ಮರದ್ದಪ್ಪಾ ನೀನು?
ಯಾವ ಕಾಲಮ್ಮಿಗೆ ಬರೆದುಕೊಳ್ಳಲಿ?